ಕೆಳಗಿನ ಗೋಡೆ ತೆಗ್ದು ಶಟರ್ ಹಾಕಿಸ್ಬೋದಾ? (ಪಿಲ್ಲರ್ ಇರೋ ಬಿಲ್ಡಿಂಗು, ಬಳ್ಳಾರಿ)

ಕೌಲ್‌ಬಜಾರ್_ಬಳ್ಳಾರಿ:
ನಮ್ಮದು ಕೌಲ್‌ಬಜಾರ್ ಕಡೆ ಜಿ ಪ್ಲಸ್ ಟು, ಪಿಲ್ಲರ್ ಬೀಮ್ ಎಲ್ಲಾ ಐತೆ. ಈಗ ಮನೇಲಿ ರೋಡ್ ಕಡೆ ಗೋಡೆ ಪೂರ್ತಿ ತೆಗ್ದು, ಒಳಗಿನ ಎರಡು ಗೋಡೆನೂ ಒಡೆದು ಮಳಿಗೆ ಮಾಡಿ ಬಾಡಿಗೆಗೆ ಕೊಡೋಣ ಅಂತ ಹಠ. ಪ್ಲ್ಯಾನ್ ಮಾಡೋರು "ಲೋಡೆಲ್ಲಾ ಪಿಲ್ಲರ್ ಮ್ಯಾಲೆ, ಗೋಡೆ ಬರೀ ಪಾರ್ಟಿಶನ್ನು, ಆರಾಮಾಗಿ ತೆಗೀರಿ" ಅಂದ್ರು. ಮೇಸ್ತ್ರಿ ಮಾತ್ರ "ಗೋಡಿನೂ ಹಿಡ್ಕೊಂಡಿರ್ತದ ಸಾರ್, ನಾ ಕೈ ಹಚ್ಚಲ್ಲ" ಅಂತಾನೆ. ಯಾರ ಮಾತು ಕೇಳೋದು?

ರಾಯಚೂರು_ಸ್ಟ್ರಕ್ಚರಲ್:
ಮೇಸ್ತ್ರಿ ಕಡಿನೇ ಜಾಸ್ತಿ ಸರಿ ಐತಿ. ಮ್ಯಾಲಿಂದ ಬರೋ ಭಾರ ಪಿಲ್ಲರ್ ಹೊರ್ತಾವ, ಒಪ್ಪಿದೆ. ಆದ್ರ ಭೂಕಂಪದಾಗ ಅಡ್ಡ ಬಲ ಬಂದಾಗ ಫ್ರೇಮ್ (ಪಿಲ್ಲರ್ ಬೀಮ್ ಚೌಕಟ್ಟು) ಓರೆ ಆಗಾಕ ನೋಡ್ತದ, ಆಗ ಆ ಚೌಕಟ್ಟಿನೊಳಗ ತುಂಬಿದ ಗೋಡಿ ಎದುರಾಬದರಾ ಎರಡು ಮೂಲ್ಯಾಗ ಒತ್ತಿಕೊಂಡು ಉಳಿದ ಎರಡು ಮೂಲ್ಯಾಗ ಬಿಟ್ಕೊಂತದ, ಅಂದ್ರ ಮಂಚದ ಕಾಲಿಗೆ ಓರೆ ಪಟ್ಟಿ ಹೊಡ್ದಂಗ ಕೆಲಸ ಮಾಡ್ತದ. ಇದನ್ನೇ ಡಯಾಗನಲ್ ಸ್ಟ್ರಟ್ ಅಂತಾರ, ಭೂಕಂಪ ತಡ್ಯೋ ಕಟ್ಟಡಕ್ಕಂತ ಇರೋ ಭಾರತೀಯ ಕೋಡ್ ಐಎಸ್ 1893ರ 2016ರ ಆವೃತ್ತಿಯಾಗ ಲೆಕ್ಕ ಹಾಕೋ ಸೂತ್ರನೂ ಐತಿ. ಈಗ ನಿಮ್ದು 10 ಮೀಟರ್ ಎತ್ತರ, 9 ಮೀಟರ್ ಉದ್ದ ಅನ್ಕೊಳ್ರಿ, ಬರೇ ಫ್ರೇಮ್ ಅಂದ್ರ ಪೀರಿಯಡ್ (ಒಮ್ಮೆ ಆ ಕಡೆ ಈ ಕಡೆ ತೂಗಾಕ ಹಿಡಿಯೋ ಹೊತ್ತು) 0.42 ಸೆಕೆಂಡ್, ಗೋಡಿ ಸೇರಿಸಿದ್ರ 0.30. ಮೀಡಿಯಂ ಸಾಯಿಲ್‌ನ್ಯಾಗ ಎರಡಕ್ಕೂ ಬಲ ಒಂದೇ, ಸಾಧಾರಣ ಫ್ರೇಮ್ ಆದ್ರ ಬಿಲ್ಡಿಂಗ್ ತೂಕದ 4 ಪರ್ಸೆಂಟ್ ಆಸುಪಾಸು. ಅಂದ್ರ ಗೋಡಿ ತೆಗೆದ್ರ ಬಲ ಕಮ್ಮಿ ಆಗಂಗಿಲ್ಲ, ಅದನ್ನ ತಡ್ಕೊಳ್ಳೋರು ಕಮ್ಮಿ ಆಗ್ತಾರ. ಮ್ಯಾಲಿನ ಎರಡು ಫ್ಲೋರ್ ಗೋಡಿ ತುಂಬಿ ಗಟ್ಟಿ, ಕೆಳಗ ಒಂದೇ ಖಾಲಿ, ಬಾಗೋದೆಲ್ಲಾ ಕೆಳಗಿನ ಪಿಲ್ಲರ್‌ಗೇ ಬಂದು ಬೀಳ್ತದ. 2001ರಾಗ ಭುಜ್ ಭೂಕಂಪಕ್ಕ ದೂರದ ಅಹಮದಾಬಾದಿನಾಗ ಕೆಳಗ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟ್ ಕುಂತಿದ್ದು ಹಿಂಗೇ.

ಗಂಗಾವತಿ_ಸೈಟ್:
ಥಿಯರಿ ಆಮ್ಯಾಲೆ, ಮೊದ್ಲು ಕಟ್ಟಿದ್ದು ಹ್ಯಾಂಗ ಅಂತ ಕೇಳ್ರಿ. ನಮ್ಮ ಕಡೆ ಎಷ್ಟೋ ಮನಿಗೆ ಮೊದ್ಲು ಗೋಡಿ ಎಬ್ಬಿಸಿ ಅದರ ಮ್ಯಾಲೇ ಬೀಮ್ ಕಾಂಕ್ರೀಟ್ ಹಾಕ್ತಾರ, ಸೆಂಟ್ರಿಂಗ್ ಹಲಗಿ ಖರ್ಚು ಉಳೀತದಲ್ಲ! ಅಂಥಲ್ಲಿ ಮೊದಲಿನ ದಿನದಿಂದನೇ ಭಾರ ಗೋಡಿ ಮ್ಯಾಲೈತಿ, ಪಿಲ್ಲರ್ ಹೆಸರಿಗೆ. ಬೀಮ್ ತಳದಾಗ ಒಂದು ಅಡಿ ಪ್ಲಾಸ್ಟರ್ ಕೆತ್ತಿ ನೋಡ್ರಿ, ನಡುವ ಗಾರಿ ತುಂಬಿದ ಸಂದಿ ಕಂಡ್ರ ಗೋಡಿ ಆಮ್ಯಾಲೆ ಕಟ್ಟಿದ್ದು, ಕಾಂಕ್ರೀಟು ನೇರ ಇಟ್ಟಂಗಿ ಮ್ಯಾಲೆ ಕುಂತಿದ್ರ ಮುಟ್ಟಾಕ ಹೋಗ್ಬ್ಯಾಡ್ರಿ. ನಂಗಂತೂ ಇದೇ ಮೊದಲ್ನೇ ಪರೀಕ್ಷೆ.

ಶಟರ್_ಶೇಖ್ರ:
ಸುಮ್ನೆ ಹೆದರಿಸ್ಬೇಡಿ ಗುರೂ. 2016ರ ಕೋಡಿನ ಭೂಕಂಪ ಮ್ಯಾಪಲ್ಲಿ ಬಳ್ಳಾರಿ ಝೋನ್ 2, ಅಂದ್ರೆ ಕಮ್ಮಿ ಅಪಾಯದ್ದು, ಇಲ್ಲಿ ಎಲ್ಲಿ ಭೂಕಂಪ, ಊರೆಲ್ಲಾ ಹಂಗೇ ಮಳಿಗೆ ಮಾಡ್ಕೊಂಡಿಲ್ವಾ.

ರಾಯಚೂರು_ಸ್ಟ್ರಕ್ಚರಲ್:
1993ರಾಗ ಲಾತೂರ್ ಕಡೆ ಕಿಲ್ಲಾರಿ ಅಲುಗಾಡಿದಾಗ ಅದು ಮ್ಯಾಪಿನಾಗ ಝೋನ್ 1 ಇತ್ತು ಶೇಖ್ರ, ಅಂದ್ರ ಎಲ್ಲಾಕಿಂತ ಕಮ್ಮಿ ಅಪಾಯದ್ದು. 2002ರಾಗ ಝೋನ್ 1 ಅನ್ನೋದನ್ನೇ ತೆಗೆದುಹಾಕಿದ್ರು. ಭೂಕಂಪ ಬಿಡ್ರಿ, ಎರೆಮಣ್ಣಾಗ ಒಂದು ಪಿಲ್ಲರ್ ಇಳಿದ್ರ ಮೊದ್ಲು ಓರೆ ಬಿರುಕು ಬಿಡೋದು ಗೋಡಿನೇ.

ಕೌಲ್‌ಬಜಾರ್_ಬಳ್ಳಾರಿ:
ಪ್ಲಾಸ್ಟರ್ ಕೆತ್ತಿಸ್ದೆ, ಸಂದಿ ಐತೆ. ಹಂಗಾದ್ರೆ ರೋಡ್ ಕಡೆದು ಒಂದೇ ತೆಗ್ದು, ಒಳಗಿನ್ವು ಸೊಂಟದೆತ್ತರಕ್ಕೆ ಬಿಟ್ರೆ ನಡಿಯುತ್ತಾ?

ರಾಯಚೂರು_ಸ್ಟ್ರಕ್ಚರಲ್:
ಸೊಂಟದೆತ್ತರ ಅಂತೂ ಬ್ಯಾಡ್ರಿ, ಗೋಡಿ ಹಿಡಿದಷ್ಟು ಪಿಲ್ಲರ್ ಅಲುಗಾಡಂಗಿಲ್ಲ, ಮ್ಯಾಲಿನ ತುಂಡಿನ ಮ್ಯಾಲೆ ಎಲ್ಲಾ ಬಿದ್ದು ಅಲ್ಲೇ ಕಟ್ ಆಗ್ತದ, ಶಾರ್ಟ್ ಕಾಲಮ್ ಅಂತಾರ. ಒಳಗಿನ್ವು ಪೂರ್ತಿ ಇಟ್ಕೊಳ್ರಿ, ಹೆಂಗೂ ಅಂಗಡಿ ನಡುವಿನ ಗೋಡಿ ಆಗ್ತಾವ. ರೋಡ್ ಕಡೆ ಪೂರ್ತಿ ಖಾಲಿ, ಹಿಂದ ಪೂರ್ತಿ ಗೋಡಿ ಆದ್ರ ಬಿಲ್ಡಿಂಗ್ ತಿರುಚ್ತದ, ಅದಕ್ಕ ಮುಂದ ಎರಡೂ ತುದಿಯ ಬೇನಾಗ (ಎರಡು ಪಿಲ್ಲರ್ ನಡುವಿನ ಜಾಗ) ಗೋಡಿ ಹಂಗೇ ಇಟ್ಟು ನಡುವ ಶಟರ್ ಹಾಕ್ರಿ. ಮೂರೂ ಗೋಡಿ ತೆಗೀಲೇಬೇಕಂದ್ರ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಪಿಲ್ಲರ್ ಕಬ್ಬಿಣ ಸ್ಕ್ಯಾನ್ ಮಾಡಿಸಿ ಜಾಕೆಟಿಂಗ್ (ಪಿಲ್ಲರ್ ಸುತ್ತ ಹೊಸ ಕಬ್ಬಿಣ, ಕಾಂಕ್ರೀಟ್ ಹಾಕಿ ದಪ್ಪ ಮಾಡೋದು) ಮಾಡಿಸ್ರಿ, ಖರ್ಚು ಬಾಡಿಗಿಗಿಂತ ಮುಂದ ಓಡಬಹುದು.