ಹಳೇ ಡಿಕ್ರಿಯಲ್ಲಿ ‘ಎಸ್-ಎಚ್-ಇ-ಡಬ್ಲ್ಯೂ’ ಎಂಬ ಪದ: ಅರ್ಥ ಏನು, ಟೈಪ್ ಮಾಡುವಾಗ ತಿದ್ದಬೇಕೆ?

ಕೋಟೆಗುಡ್ಡ, ಬಳ್ಳಾರಿ
ಮುನ್ಸೀಫ್ ಕೋರ್ಟಿನ ಇಂಗ್ಲಿಷ್ ಡಿಕ್ರಿಯೊಂದನ್ನು ಕನ್ನಡಕ್ಕೆ ತರಬೇಕಿದೆ. ಕೈಬರಹ, ಫಸಲಿ (ಕಂದಾಯ ಲೆಕ್ಕದ ವರ್ಷ) 1312. ಒಂದು ಕಡೆ ‘ಎಸ್-ಎಚ್-ಇ-ಡಬ್ಲ್ಯೂ ಕಾಸ್’ ಎಂದಿದೆ. ಚೆಕ್ಕುಬಂದಿಯ (ಜಮೀನಿನ ಎಲ್ಲೆಯ) ಸಾಲಿನಲ್ಲಿ ಕಲ್ಲುಗಳ ವಿಷಯ ಬಂದು, ಅದೇ ಪದಕ್ಕೆ ಕೊನೆಯಲ್ಲಿ ‘ಎನ್’ ಸೇರಿದೆ. ಮೊಬೈಲ್ ನಿಘಂಟಿನಲ್ಲಿ ಸಿಗುತ್ತಿಲ್ಲ. ಅರ್ಥವೇನು, ಓದುವುದು ಹೇಗೆ? ಇಂಗ್ಲಿಷ್ ಪ್ರತಿಯನ್ನೂ ಟೈಪ್ ಮಾಡಿ ಜೊತೆಗಿಡಬೇಕು. ಅಲ್ಲಿ ಕಾಗುಣಿತ ತಿದ್ದಬಹುದೆ?

ಹಳೆಗಡತ, ಬಳ್ಳಾರಿ
ಅದು ‘ಶೋ’, ಅಂದರೆ ತೋರಿಸು. ಬೇರೆ ಪದವಲ್ಲ, ಹಳೆಯ ಕಾಗುಣಿತ ಅಷ್ಟೇ. ‘ಶ್ಯೂ’ ಎಂದು ಓದಬೇಡಿ, ಉಚ್ಚಾರಣೆ ‘ಶೋ’ ಎಂದೇ. ಬಟ್ಟೆ ಹೊಲಿಯುವ ‘ಸೋ’ ಪದವನ್ನು ಇಂದಿಗೂ ಎಸ್-ಇ-ಡಬ್ಲ್ಯೂ ಎಂದು ಬರೆದು ‘ಸೋ’ ಎನ್ನುತ್ತೇವಲ್ಲ, ಹಾಗೆಯೇ ಇದೂ.

ಹಳೆಯ ಇಂಗ್ಲಿಷಿನಲ್ಲಿ ಈ ಧಾತುವಿನ ಅರ್ಥ ‘ನೋಡು’ ಎಂದಿತ್ತು, ‘ತೋರಿಸು’ ಎಂಬ ಅರ್ಥ ಆಮೇಲೆ ಬಂತು. ಅದರ ಸ್ವರ ಎರಡು ದಾರಿ ಹಿಡಿದದ್ದರಿಂದ ಎರಡು ಕಾಗುಣಿತ ಹುಟ್ಟಿದವು. ಮಾತಿನಲ್ಲಿ ‘ಶೋ’ ಗೆದ್ದಿತು, ಬರಹದಲ್ಲಿ ‘ಇ’ ಬಹಳ ಕಾಲ ಉಳಿಯಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ಇ’ ರೂಪವೇ ಇದೆ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಎಲ್ಲರೂ ‘ಶೋ’ ಎಂದೇ ಉಚ್ಚರಿಸುತ್ತಾರೆಂಬ ಕಾರಣ ಕೊಟ್ಟು ‘ಓ’ ರೂಪವನ್ನು ಆರಿಸಿಕೊಂಡ. ಆದರೂ ಕೋರ್ಟು-ಕಚೇರಿಗಳು ಹಳೆಯದನ್ನು ಬಿಡಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಆ ಕಾಲದ ಇಂಗ್ಲಿಷ್ ಕಡತಗಳಲ್ಲಿ ಈ ರೂಪ ಕಂಡರೆ ಅಚ್ಚರಿಯಿಲ್ಲ.

ನಿಮ್ಮ ಮೊದಲ ಸಾಲಿಗೆ ‘ಕಾರಣ ತೋರಿಸತಕ್ಕದ್ದು’ ಎಂದು ಬರೆಯಿರಿ. ಈಗಿನ ‘ಕಾರಣ ಕೇಳಿ ನೋಟಿಸ್’ ಅದೇ. ಇದೇ ಪದ ‘ಇಟಿಎಚ್’ ಸೇರಿ ಅರ್ಜಿಯ ತಲೆಯಲ್ಲಿ ಬಂದರೆ ಮಾತ್ರ ‘ತೋರಿಸುತ್ತದೆ’ ಎಂದು ಅನುವಾದಿಸಬೇಡಿ, ಕನ್ನಡದಲ್ಲಿ ಅರ್ಥವೇ ಕೂಡುವುದಿಲ್ಲ. ಅಲ್ಲಿ ಹೊಂದುವುದು ನಮ್ಮ ಅರ್ಜಿಗಳ ‘ಅರಿಕೆ ಏನೆಂದರೆ’. ಇಂದಿಗೂ ವಕೀಲರ ಇಂಗ್ಲಿಷ್ ಅರ್ಜಿಗಳಲ್ಲಿ ‘ಶೋಎತ್’ ಎಂಬ ಸಾಲು ಉಳಿದಿದೆ.

ಸರ್ವೆಕಲ್ಲು, ಕೊಪ್ಪಳ
ಚೆಕ್ಕುಬಂದಿ ಸಾಲನ್ನು ಇನ್ನೊಮ್ಮೆ ನೋಡ್ರಿ. ಅಪಾಯ ಇರೋದು ಅಲ್ಲೇ. ಮೊದಲಿನ ‘ಎಸ್’ ಬಿಟ್ಟು ಓದಿದರೆ ಉಳಿಯುವ ಎಚ್-ಇ-ಡಬ್ಲ್ಯೂ-ಎನ್ ಕೂಡ ಒಂದು ಪದವೇ, ‘ಕಡಿದ’ ಎಂದರ್ಥ. ‘ನಕ್ಷೆಯಲ್ಲಿ ತೋರಿಸಿದ ಕಲ್ಲು’ ಹೋಗಿ ‘ಕಡಿದ ಕಲ್ಲು’ ಆಗುತ್ತದೆ. ಬಂಡೆಗಲ್ಲಿನ ನಾಡಿನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ನಕ್ಷೆಯ ಕೊಂಡಿ ಮಾತ್ರ ತಪ್ಪಿಹೋಗುತ್ತದೆ.

ಓಡುಬರಹದಲ್ಲಿ ಪದದ ಮೊದಲ ‘ಎಸ್’ ಹಲವು ಸಲ ಒಂದು ಓರೆಗೀರು ಮಾತ್ರ, ‘ಎಚ್’ನ ಕಾಲಿಗೆ ಅಂಟಿರುತ್ತದೆ. ಅದೇ ಗುಮಾಸ್ತರು ಬರೆದ ‘ಶಲ್’, ‘ಶುಡ್’ ಪದಗಳನ್ನು ಅದೇ ಪುಟದಲ್ಲಿ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ಸಾಲಿನಲ್ಲಿ ‘ಪ್ಲಾನ್’ ಅಥವಾ ‘ಷೆಡ್ಯೂಲ್’ ಇದ್ದರೆ ಅದು ‘ತೋರಿಸಿದ’ ಎಂಬುದೇ. ‘ಕೆಂಪು ಶಾಯಿಯಲ್ಲಿ’ ಎಂದಿದ್ದರಂತೂ ಲಗತ್ತಿಸಿದ ನಕ್ಷೆ ಸಿಗುವವರೆಗೆ ಅನುವಾದ ಮುಗಿಸಬೇಡಿ.

ಹಳೆಗಡತ, ಬಳ್ಳಾರಿ
ತಿದ್ದುವ ವಿಷಯ ಬಿಟ್ಟುಹೋಗಿತ್ತು. ಇಂಗ್ಲಿಷ್ ಪ್ರತಿಯಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ, ಅದು ಮೂಲದ ಪಡಿಯಚ್ಚಾಗಿರಬೇಕು. ಪಕ್ಕದಲ್ಲಿ ‘ಸಿಕ್’ ಎಂದೂ ಹಾಕಬೇಡಿ. ಆ ಗುರುತು ಮೂಲದ ತಪ್ಪಿಗೆ, ಇದು ಆ ಕಾಲಕ್ಕೆ ಸರಿಯಾದ ಕಾಗುಣಿತ. ಟೈಪ್ ಮಾಡುವ ಮೊದಲು ಆಟೋಕರೆಕ್ಟ್ ಆಫ್ ಮಾಡಿ, ಇಲ್ಲದಿದ್ದರೆ ಕಣ್ತಪ್ಪಿಸಿ ಬೇರೆ ಪದ ಕೂತುಬಿಡಬಹುದು. ಕನ್ನಡ ಅನುವಾದಕ್ಕೆ ಹಳೆಗನ್ನಡದ ವೇಷ ಬೇಡ, ಸಾದಾ ‘ತೋರಿಸಿದ’ ಸಾಕು.

ಮಾವಿನಕೆರೆ ದಂಡೆ, ರಾಯಚೂರು
ಸ್ಕ್ಯಾನ್ ಆದ ಕಡತಗಳಲ್ಲಿ ಹುಡುಕುವಾಗ ಎರಡೂ ಕಾಗುಣಿತ ಹಾಕಿ. ವರ್ಡ್‌ನಲ್ಲಾದರೆ ವೈಲ್ಡ್‌ಕಾರ್ಡ್ ಆನ್ ಮಾಡಿ, ಮೂರನೆಯ ಅಕ್ಷರದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೆ ಒಂದೇ ಸಲಕ್ಕೆ ಎರಡೂ ಸಿಗುತ್ತವೆ. ‘ಶಾ’ ಎಂಬ ಅಡ್ಡಹೆಸರೂ ಬರುತ್ತದೆ, ಬಿಟ್ಟುಬಿಡಿ.

ಬಳ್ಳಾರಿ ಕಡತ ಓದುವವರು ಇನ್ನೊಂದು ಪದ ಗುರುತಿಟ್ಟುಕೊಳ್ಳಬೇಕು: ಜಿ-ಎ-ಓ-ಎಲ್. ಉಚ್ಚಾರಣೆ ‘ಜೈಲ್’, ಅರ್ಥವೂ ಅದೇ. ನಾರ್ಮನ್ ಫ್ರೆಂಚಿನಿಂದ ಬಂದ ರೂಪ. ನಡುವಿನ ಎರಡಕ್ಷರ ಹಿಂದೆ ಮುಂದೆ ಆದರೆ ‘ಗೋಲ್’ ಆಗುತ್ತದೆ, ಸ್ಪೆಲ್‌ಚೆಕ್‌ಗೆ ಅದು ಸರಿಯಾದ ಪದವಾದ್ದರಿಂದ ಕೆಂಪು ಗೆರೆ ಬರುವುದಿಲ್ಲ. ಬಳ್ಳಾರಿ ಜೈಲಿನ ದಾಖಲೆ ಹುಡುಕುವಾಗ ‘ಜೈಲ್’ನ ಎರಡೂ ಕಾಗುಣಿತದ ಜೊತೆ ಈ ತಪ್ಪು ರೂಪವನ್ನೂ ಹಾಕಿ ನೋಡಿ.

ಇಸವಿ ತಿಳಿಯಲು ಫಸಲಿಗೆ 590 ಕೂಡಿಸಿ. ಮದ್ರಾಸ್ ಲೆಕ್ಕದಲ್ಲಿ ವರ್ಷ ಜುಲೈ 1ಕ್ಕೆ ಶುರು, ಆದ್ದರಿಂದ ನಿಮ್ಮ 1312 ಎಂದರೆ ಜುಲೈ 1902ರಿಂದ ಜೂನ್ 1903. ರಾಯಚೂರು, ಕೊಪ್ಪಳದ ನಿಜಾಮ್ ಕಾಲದ ಕಾಗದಗಳಿಗೆ ಈ ತಿಂಗಳು ಹಾಕಬೇಡಿ: ಕೂಡಿಸುವುದು 590ನ್ನೇ ಆದರೂ ಅಲ್ಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು.