ಕ್ಯೂರಿಂಗ್ ಶೆಡ್ಡಿನ ಗೋಡೆಗೆ ಯಾರ ಫೋಟೋ?

ಮಡಿಕೇರಿ ಮಂಜು: ನಮ್ಮ ಕಡೆ ಒಂದು ಕಾಫಿ ಕ್ಯೂರಿಂಗ್ ಶೆಡ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಜಾಗ) ಪಾಳು ಬಿದ್ದಿದೆ. ಅದರ ಗೋಡೆಗಳ ಮೇಲೆ ಹಳೇ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ಹಾಕಬೇಕು ಅಂತಿದ್ದೇವೆ. ಏನಂತೀರಿ?

ಹಾರಂಗಿ ದಂಡೆ: ಫೋಟೋ ಬೇಡ, ಶೆಡ್ಡನ್ನೇ ತೋರಿಸಿ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ 1959ರಿಂದ ಗಣಿ ಗೋಪುರ, ಕುಲುಮೆ, ನೀರಿನ ಟ್ಯಾಂಕುಗಳ ಚಿತ್ರ ತೆಗೆದರು. ಮೋಡ ಕವಿದ ಬೆಳಕು, ನೇರ ನೋಟ, ಚಿತ್ರದಲ್ಲಿ ಮನುಷ್ಯರೇ ಇಲ್ಲ. ಅದರಲ್ಲಿ ಎಷ್ಟೋ ಕಟ್ಟಡ ಈಗಿಲ್ಲ, ಚಿತ್ರ ಉಳಿದಿದೆ. ನಮ್ಮ ಮಳೆಗೆ ಈ ಶೆಡ್ ಇನ್ನೆಷ್ಟು ವರ್ಷ ನಿಲ್ಲುತ್ತದೆ?

ಸಿದ್ದಾಪುರದವಳು: ಮನುಷ್ಯರಿಲ್ಲದೆ ಬೇಡ. ನನ್ನಜ್ಜಿ ಅಂಥದ್ದೇ ಶೆಡ್ಡಲ್ಲಿ ಬೀಜ ಆರಿಸುತ್ತಿದ್ದರು. ಸಾಲಾಗಿ ಕೂತು ಕಪ್ಪು ಬೀಜ, ಒಡೆದದ್ದು, ಹುಳು ಕೊರೆದದ್ದು ಬೇರೆ ಮಾಡುವುದು. ಕೊನೆಗಾಲದಲ್ಲೂ ಅಕ್ಕಿ ಆರಿಸುವಾಗ ಅವರ ಬೆರಳು ಹಾಗೇ ಓಡುತ್ತಿತ್ತು. ಕಣ್ಣು ಮಂಜಾಗಿತ್ತು, ಕಲ್ಲು ಮಾತ್ರ ತಪ್ಪುತ್ತಿರಲಿಲ್ಲ. ಮನೆಯಲ್ಲೊಂದು ಫೋಟೋ ಇದೆ. ಮುಂದೆ ಕುರ್ಚಿಯಲ್ಲಿ ಮ್ಯಾನೇಜರ್, ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ. ಹಿಂದೆ ನಿಂತ ಹೆಂಗಸರು. ಕೆಳಗೆ ಬರೆದಿರುವುದು ಕುರ್ಚಿಯವರ ಹೆಸರು ಮಾತ್ರ.

ಕಾಫಿಕಣ: ಶೆಡ್ಡುಗಳ ಕಥೆಯನ್ನೂ ಗೋಡೆಗೆ ಬರೆಯಿರಿ. ಪೂಲ್ ಕಾಲದಲ್ಲಿ, ಅಂದರೆ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಸರ್ಕಾರದ ಕಾಫಿ ಮಂಡಳಿಯೇ ಮಾರುತ್ತಿದ್ದಾಗ, ಕಾಫಿಯನ್ನು ಮಂಡಳಿಗೇ ಕೊಡಬೇಕಿತ್ತು, ಅದೆಲ್ಲ ಕ್ಯೂರಿಂಗ್ ವರ್ಕ್ಸ್ ಮೂಲಕವೇ ಹೋಗುತ್ತಿತ್ತು. 1990ರ ದಶಕದಲ್ಲಿ ಪೂಲ್ ಹೋಯಿತು. ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರ ಬಂತು, ಆರಿಸುವ ಕೈಗಳಿಗೆ ಕೆಲಸ ಕಡಿಮೆಯಾಯಿತು. ಇದು ಗೊತ್ತಾಗದಿದ್ದರೆ ಜನ ಸುಮ್ನೆ ಪಾಳು ಗೋಡೆ ಮುಂದೆ ಸೆಲ್ಫಿ ತೆಗೆದು ಹೋಗುತ್ತಾರೆ.

ಹಾರಂಗಿ ದಂಡೆ: ಒಪ್ಪಿದೆ. ಆದರೆ ಹಿಂದೆ ನಿಂತವರ ಹೆಸರು ಎಲ್ಲಿಂದ ತರುತ್ತೀರಿ?

ಸಿದ್ದಾಪುರದವಳು: ಬೆಲ್ಜಿಯಂನ ಗ್ರಾಂ ಓರ್ನು ಕಲ್ಲಿದ್ದಲು ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಕಲಾವಿದ ಕ್ರಿಸ್ಟಿಯಾನ್ ಬೊಲ್ಟಾನ್ಸ್ಕಿ ಅಲ್ಲಿ ತುಕ್ಕು ಹಿಡಿದ ಬಿಸ್ಕತ್ ಡಬ್ಬಿಗಳ ಗೋಡೆ ಕಟ್ಟಿದರು. ಡಬ್ಬಿಗಳ ಮೇಲೆ ಕಾರ್ಮಿಕರ ಹೆಸರು, ಕೆಲವದರಲ್ಲಿ ಮುಖ. ಹೆಸರು ಸಿಕ್ಕಿದ್ದು ಗಣಿಯ ದಾಖಲೆ ಪುಸ್ತಕಗಳಲ್ಲಿ. ನಮ್ಮಲ್ಲೂ ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಇರುತ್ತಿತ್ತು, ಅಲ್ವಾ?

ಕಾಫಿಕಣ: ಚೆಕ್‌ರೋಲ್ ಗೆದ್ದಲು ತಿಂದಿದ್ದರೂ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ನೆನಪಿರುವವರು ಇದ್ದಾರೆ. ಮೊದಲು ಅವರನ್ನು ಕೇಳಿ. ಅವರ ಒಪ್ಪಿಗೆ ಇಲ್ಲದೆ ಒಂದು ಮುಖವನ್ನೂ ಗೋಡೆಗೆ ಹಾಕಬೇಡಿ.

ಮಡಿಕೇರಿ ಮಂಜು: ಸರಿ, ಭಾನುವಾರ ಫೋಟೋಗಳನ್ನು ಹಿಡಿದುಕೊಂಡು ಲೈನ್ ಮನೆಗಳಿಗೆ ಹೋಗುತ್ತೇವೆ. ನಿಮ್ಮಜ್ಜಿ ಯಾವ ಕಡೆ ನಿಂತಿದ್ದಾರೆ?

ಸಿದ್ದಾಪುರದವಳು: ಎರಡನೇ ಸಾಲು, ಎಡದಿಂದ ಮೂರನೆಯವರು. ಪಕ್ಕದವರ ಹೆಸರನ್ನೂ ಅಜ್ಜಿ ಹೇಳಿದ್ದರು. ನಾನು ಬರೆದಿಟ್ಟುಕೊಳ್ಳಲಿಲ್ಲ. ಆ ಪಕ್ಕದವರ ಹೆಸರನ್ನೇ ಮೊದಲು ಕೇಳಿ.