ಕಿವಿ ಮಂದವಾದ ಮೇಲೆ ತಾಳಮದ್ದಳೆಯನ್ನೇ ಬಿಟ್ಟ ಅಪ್ಪ: ಅವರನ್ನು ಮತ್ತೆ ಮಾತಿಗೆ ಕರೆತರುವುದು ಹೇಗೆ?

ಪ್ರಶ್ನೆ: ಸಾಗರದ ಮಗಳು

ನಮ್ಮ ತಂದೆಗೆ ಈಗ 72 ವರ್ಷ. ಸಾಗರದ ಹತ್ತಿರದ ಊರಿನಲ್ಲಿ ಪ್ರೌಢಶಾಲೆಯ ಅಧ್ಯಾಪಕರಾಗಿ ನಿವೃತ್ತರಾದವರು. ಹವ್ಯಾಸಿಯಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳಿದವರು. ಐದಾರು ವರ್ಷಗಳಿಂದ ಅವರ ಎರಡೂ ಕಿವಿಗಳು ಮಂದವಾಗುತ್ತ ಬಂದಿವೆ. ಕಳೆದ ವರ್ಷ ಒಂದು ಕೂಟದಲ್ಲಿ ಎದುರಿನ ಅರ್ಥಧಾರಿ ಕೇಳಿದ್ದೊಂದು, ಇವರು ಕೊಟ್ಟ ಉತ್ತರ ಇನ್ನೊಂದಾಗಿ ಸಭೆಯಲ್ಲಿ ನಗು ಹಬ್ಬಿತಂತೆ. ಆ ರಾತ್ರಿ ಮನೆಗೆ ಬಂದು ಶಾಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟವರು ಆಮೇಲೆ ಯಾವ ಕೂಟಕ್ಕೂ ಹೋಗಿಲ್ಲ.

ಸಾಲದ್ದಕ್ಕೆ ಮನೆಯಲ್ಲಿಯೂ ಮಾತು ಕಡಿಮೆಯಾಗಿದೆ. ನಾನು ಬೆಂಗಳೂರಿನಿಂದ ಫೋನ್ ಮಾಡಿದರೆ "ಆರಾಮಾ? ಅಮ್ಮನಿಗೆ ಕೊಡುತ್ತೇನೆ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಅಮ್ಮ ದಿನವಿಡೀ ಕೂಗಿ ಕೂಗಿ ಸೋತಿದ್ದಾರೆ, ಅಪ್ಪನಿಗೋ ಅವರು ಸದಾ ಸಿಟ್ಟಿನಲ್ಲಿದ್ದಾರೆ ಎನಿಸುತ್ತದೆ. ಸಾಕಷ್ಟು ಹಣ ಕೊಟ್ಟು ತಂದ ಕಿವಿಯ ಮಷೀನುಗಳು ಒಂದು ವಾರ ಬಳಕೆಯಾಗಿ ಈಗ ಕಪಾಟಿನ ಡ್ರಾಯರಿನಲ್ಲಿವೆ. ಕಿವಿ ಕೇಳದಿರುವುದಕ್ಕಿಂತ ಅವರು ಹೀಗೆ ತಮ್ಮೊಳಗೇ ಮುದುಡಿಕೊಳ್ಳುತ್ತಿರುವುದು ನನ್ನನ್ನು ಹೆಚ್ಚು ಕಾಡುತ್ತಿದೆ. ಇಂಥದ್ದನ್ನು ಕಂಡವರು, ಅನುಭವಿಸಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಶ್ರವಣತಜ್ಞೆ, ಮೈಸೂರು

ನಾನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಇದೇ ವೃತ್ತಿಯಲ್ಲಿದ್ದೇನೆ. ನಿಮ್ಮ ತಂದೆಯವರ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ನೋಡದೆ ಖಚಿತವಾಗಿ ಏನನ್ನೂ ಹೇಳಲಾರೆನಾದರೂ, ನೀವು ಬರೆದಿರುವುದೆಲ್ಲ ವಯಸ್ಸಿನಿಂದ ಬರುವ ಶ್ರವಣದೋಷಕ್ಕೆ ಹೊಂದುತ್ತದೆ.

ವಯಸ್ಸಾದಂತೆ ಒಳಗಿವಿಯಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಎತ್ತರದ, ಅಂದರೆ ಕೀರಲು, ಧ್ವನಿಗಳನ್ನು ಹಿಡಿಯುವ ಜೀವಕೋಶಗಳು. ಮಾತಿನಲ್ಲಿ ಅ, ಆ, ಓ ಮೊದಲಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಧ್ವನಿಯಲ್ಲಿರುತ್ತದೆ. ಸ, ಶ, ಚ, ತ, ಕ ಮುಂತಾದ ವ್ಯಂಜನಗಳು ಕ್ಷೀಣವಾಗಿ, ಹೆಚ್ಚಾಗಿ ಎತ್ತರದ ಧ್ವನಿಯಲ್ಲಿರುತ್ತವೆ. ಹೀಗಾಗಿ ಯಾರೋ ಮಾತನಾಡುತ್ತಿದ್ದಾರೆಂಬುದು ಅವರಿಗೆ ಕೇಳಿಸುತ್ತದೆ, ಆದರೆ ಹಾಲು, ಕಾಲು, ಸಾಲು, ಪಾಲು ಇವುಗಳಲ್ಲಿ ಯಾವುದೆಂದು ತಿಳಿಯುವುದಿಲ್ಲ. ಉಳಿದದ್ದನ್ನು ಮನಸ್ಸು ಸಂದರ್ಭದಿಂದ ಊಹಿಸಿಕೊಳ್ಳಬೇಕು. ತಾಳಮದ್ದಳೆಯಲ್ಲಿ ಎದುರಾಳಿಯ ಒಂದು ಪದವನ್ನೇ ಹಿಡಿದು ಆ ಕ್ಷಣದಲ್ಲಿ ತಿರುಗೇಟು ಕೊಡಬೇಕಾಗಿರುವುದರಿಂದ ಊಹೆಗೆ ಅಲ್ಲಿ ಸಮಯವೇ ಇಲ್ಲ. ಅವರ ಬುದ್ಧಿ ಮಂದವಾಗಿಲ್ಲ, ವ್ಯಂಜನಗಳು ಕೈಕೊಟ್ಟಿವೆ ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ ಹೇಳಿ. ಈ ಒಂದು ಮಾತಿನಿಂದಲೇ ಎಷ್ಟೋ ಹಿರಿಯರ ಮುಖದ ಬಿಗುವು ಸಡಿಲವಾದದ್ದನ್ನು ನಾನು ಕಂಡಿದ್ದೇನೆ.

ಕೂಗುವುದರಿಂದ ಏಕೆ ಪ್ರಯೋಜನವಾಗುವುದಿಲ್ಲವೆಂಬುದಕ್ಕೂ ಇದೇ ಕಾರಣ. ಕೂಗಿದಾಗ ಹೆಚ್ಚುವುದು ಮುಖ್ಯವಾಗಿ ಸ್ವರಾಕ್ಷರಗಳ ಸದ್ದು. ಮೇಲಾಗಿ ಇಂಥ ಕಿವಿಗೆ ಮೆಲ್ಲನೆಯ ಸದ್ದು ಕೇಳಿಸದಿದ್ದರೂ ದೊಡ್ಡ ಸದ್ದು ಇತರರಿಗೆ ಕೇಳಿಸಿದಷ್ಟೇ ಜೋರಾಗಿ, ಕೆಲವೊಮ್ಮೆ ಅಸಹನೀಯವಾಗಿ ಕೇಳಿಸುತ್ತದೆ. "ಏನು? ಏನು?" ಎಂದವರೇ ಮರುಕ್ಷಣ "ಯಾಕೆ ಕಿರುಚುತ್ತೀ?" ಎನ್ನುವುದು ಹಟದಿಂದಲ್ಲ.

ಶ್ರವಣ ನಷ್ಟದ ಪ್ರಮಾಣ ಬೇರೆ, ಅದರಿಂದ ಬದುಕಿನಲ್ಲಾಗುವ ನಷ್ಟ ಬೇರೆ. 1982ರಲ್ಲಿ ಅಮೆರಿಕದ ಶ್ರವಣತಜ್ಞರಾದ ವೆಂಟ್ರಿ ಮತ್ತು ವೈನ್‌ಸ್ಟೀನ್ ಹಿರಿಯರಿಗಾಗಿ 25 ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಿದರು. ಕೇಳಿಸದಿರುವುದರಿಂದ ಮುಜುಗರವಾಗುತ್ತದೆಯೇ, ಮನೆಯವರೊಂದಿಗೆ ಜಗಳವಾಗುತ್ತದೆಯೇ, ಜನರ ಬಳಿ ಹೋಗುವುದು ಕಡಿಮೆಯಾಗಿದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಆಡಿಯೋಗ್ರಾಂ ಒಂದೇ ರೀತಿ ಇರುವ ಇಬ್ಬರು ಇದಕ್ಕೆ ಕೊಡುವ ಉತ್ತರಗಳು ಅಜಗಜಾಂತರವಾಗಿರಬಹುದು. ಮಷೀನು ಹೊಂದಿಸುವವರು ನಿಮ್ಮ ತಂದೆಯವರನ್ನು ಇಂಥ ಪ್ರಶ್ನೆ ಕೇಳಿ, "ನಿಮಗೆ ಮತ್ತೆ ಎಲ್ಲಿ ಕೇಳಿಸಬೇಕು?" ಎಂದು ವಿಚಾರಿಸಿದ್ದರೇ? ಕೇಳಿರದಿದ್ದರೆ ಅಲ್ಲಿಂದಲೇ ಮತ್ತೆ ಆರಂಭಿಸಬೇಕು. ವರ್ಷಗಟ್ಟಲೆ ಕೇಳದ ಸದ್ದುಗಳಿಗೆ ಮೆದುಳು ಒಗ್ಗಿಕೊಳ್ಳಲು ಹಲವು ವಾರಗಳೇ ಬೇಕು. ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತನಾಡುವುದರಿಂದ ತೊಡಗುವುದು ಒಳ್ಳೆಯದು.

ಇನ್ನೊಂದು ಮಾತು. ಮಷೀನು ಹಾಕದಿದ್ದರೆ ಮರೆವಿನ ರೋಗ ಬರುತ್ತದೆಂದು ದಯವಿಟ್ಟು ಅವರನ್ನು ಹೆದರಿಸಬೇಡಿ. ಅವೆರಡಕ್ಕೂ ನಂಟಿರುವುದು ನಿಜ. ಆದರೆ 70ರಿಂದ 84 ವರ್ಷದ ಸುಮಾರು ಸಾವಿರ ಜನರನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಟ್ಟು ಗುಂಪಿನಲ್ಲಿ ಮಷೀನಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚಿನ ಅಪಾಯದಲ್ಲಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿಯ ಇಳಿಕೆ ಸುಮಾರು ಅರ್ಧದಷ್ಟು ನಿಧಾನವಾಯಿತು. ಹೆದರಿ ಹಾಕಿಕೊಂಡ ಮಷೀನು ಹೆಚ್ಚು ದಿನ ಕಿವಿಯಲ್ಲಿ ಉಳಿಯುವುದಿಲ್ಲ.

ಉತ್ತರ 2: ಒಂದು ಕಿವಿಯವಳು

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ, ಏಳು ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಎದ್ದರೆ ಬಲಗಿವಿ ಪೂರ್ತಿ ಮುಚ್ಚಿಹೋಗಿತ್ತು. ತೋರಿಸಿದ ಕಡೆ ಗುಗ್ಗೆ ಎಂದು ಹೇಳಿ ಮೂರು ವಾರ ಕಿವಿಗೆ ಹನಿ ಹಾಕಿಸಿದರು. ಹೀಗೆ ಹಠಾತ್ತನೆ ಕಿವಿ ಹೋದರೆ ತಡಮಾಡದೆ ತಜ್ಞರ ಬಳಿ ಹೋಗಿ ಸ್ಟೀರಾಯ್ಡ್ ಚಿಕಿತ್ಸೆ ಪಡೆಯಬೇಕೆಂದು ನನಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ನಿಮ್ಮ ತಂದೆಯವರದು ಬೇರೆ ಬಗೆ, ಆದರೂ ಓದುವವರಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂದು ಬರೆದಿದ್ದೇನೆ.

ಕೇಳಿಸದಿರುವುದಕ್ಕಿಂತ, ಕೇಳಿಸಿದಂತೆ ನಟಿಸುವುದೇ ನನ್ನನ್ನು ಹಣ್ಣು ಮಾಡಿತು. ಎದುರಿನವರ ಮುಖ ನೋಡಿ ನಗುವುದು, ತಲೆಯಾಡಿಸುವುದು, "ಹೌದಲ್ವಾ" ಎನ್ನುವುದು. ಒಂದು ಸಂಜೆ ಪಕ್ಕದ ಮನೆಯಾಕೆ ಗೇಟಿನ ಬಳಿ ನಿಂತು ಏನೋ ಹೇಳಿದರು. ನಾನು ನಕ್ಕು "ಒಳ್ಳೆಯದಾಯಿತು ಬಿಡಿ" ಎಂದೆ. ಅವರ ಕೈ ಗೇಟಿನ ಚಿಲಕದ ಮೇಲೆ ಹಾಗೆಯೇ ನಿಂತಿತು. ತಮ್ಮ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ವಿಷಯವನ್ನು ಅವರು ಹೇಳಿದ್ದರೆಂದು ರಾತ್ರಿ ಮಗನಿಂದ ತಿಳಿಯಿತು. ಮರುದಿನ ಅವರ ಮನೆಗೆ ಹೋಗಿ "ನನಗೆ ಬಲಗಿವಿ ಕೇಳಿಸುವುದಿಲ್ಲ" ಎಂದೆ. ಮನೆಯವರಲ್ಲದ ಒಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಕೆಪ್ಪಿ ಎನ್ನುತ್ತಾರೆಂಬ ಭಯ ಸುಳ್ಳಲ್ಲ, ಎನ್ನುವವರು ಇದ್ದೇ ಇದ್ದಾರೆ. ಆದರೆ ಬಾಯಿಬಿಟ್ಟು ಹೇಳಿದ ಮೇಲೆ ಹತ್ತು ಜನರಲ್ಲಿ ಏಳೆಂಟು ಮಂದಿ ತಾವಾಗಿಯೇ ಎಡಕ್ಕೆ ಬಂದು ಕುಳಿತರು. ಈಗ ನಾನು ಬರೀ "ಏನು?" ಎನ್ನುವುದಿಲ್ಲ, "ಬುಧವಾರ ಎಲ್ಲಿಗೆ ಅಂದಿರಿ?" ಎಂದು ಕೇಳಿಸದ ತುಂಡನ್ನಷ್ಟೇ ಕೇಳುತ್ತೇನೆ, ಆಗ ಎದುರಿನವರಿಗೂ ಬೇಸರವಾಗುವುದಿಲ್ಲ. ಮದುವೆ ಮನೆಯಿಂದ ಬಂದರೆ ಅರ್ಧ ಗಂಟೆ ಕಣ್ಣುಮುಚ್ಚಿ ಮಲಗುತ್ತೇನೆ. ಗಮನವಿಟ್ಟು ಕೇಳುವುದು ನಮಗೆ ಮೈಮುರಿಯುವ ದುಡಿಮೆ. ನಿಮ್ಮ ತಂದೆಯವರು ಸಂಜೆ ಹೊತ್ತು ಮಾತು ಬೇಡವೆಂದರೆ ಅದೆಲ್ಲವೂ ಬೇಸರವೆಂದೇ ತಿಳಿಯಬೇಡಿ. ಅಷ್ಟಾದರೂ ಊಟ, ನಿದ್ದೆ ಕಡಿಮೆಯಾಗಿದ್ದರೆ, ಪ್ರಿಯವಾದ ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲವಾದರೆ, ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡಿ.

ಉತ್ತರ 3: ಧಾರವಾಡದಿಂದ

ನನ್ನ ಹೆಂಡತಿಗೆ ಹತ್ತು ವರ್ಷಗಳಿಂದ ಕಿವಿ ಮಂದ, ಆದ್ದರಿಂದ ನಿಮ್ಮ ತಾಯಿಯವರ ಪಾಡು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಮಾತಿಗೂ ಶ್ರಮಪಡಬೇಕಾದಾಗ ಮನೆಯಲ್ಲಿ ಉಳಿಯುವುದು "ಊಟಕ್ಕೆ ಬಾ", "ಮಾತ್ರೆ ತಗೊಂಡ್ಯಾ" ಎಂಬ ಅಪ್ಪಣೆಗಳು ಮಾತ್ರ. ಅಂಗಳದಲ್ಲಿ ಹಕ್ಕಿ ಬಂತು, ಪಕ್ಕದ ಮನೆಯವರು ಬಣ್ಣ ಬಳಿಸಿದರು ಎಂಬ ಸಣ್ಣ ಮಾತುಗಳು, ಎರಡು ಸಲ ಕೂಗಿ ಹೇಳುವಷ್ಟು ಮುಖ್ಯವಲ್ಲವೆಂದು, ಒಂದೊಂದಾಗಿ ಸತ್ತುಹೋಗುತ್ತವೆ. ದಾಂಪತ್ಯ ನಿಂತಿರುವುದೇ ಆ ಸಣ್ಣ ಮಾತುಗಳ ಮೇಲೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಈಗ ನಾನು ಅಡುಗೆಮನೆಯಿಂದ ಮಾತನಾಡುವುದಿಲ್ಲ. ಮಿಕ್ಸಿ, ಟಿ.ವಿ. ಆರಿಸಿ, ಎದುರು ಬಂದು, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು, ಮೊದಲು ವಿಷಯ ಯಾವುದೆಂದು ಹೇಳಿ ಮಾತು ತೆಗೆಯುತ್ತೇನೆ. ಒಮ್ಮೆಗೆ ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳುತ್ತೇನೆ. ಅದಕ್ಕೂ ಆಗದಿದ್ದರೆ ಮೊಬೈಲಿಗೆ ಕನ್ನಡದಲ್ಲಿ ಹೇಳಿದರೆ ಸಾಕು, ಅಕ್ಷರವಾಗಿ ಮೂಡುತ್ತದೆ, ಅವಳು ಓದಿಕೊಳ್ಳುತ್ತಾಳೆ. "ಹೋಗಲಿ ಬಿಡು, ಏನಿಲ್ಲ" ಎಂಬ ಮಾತನ್ನು ಮಾತ್ರ ನಮ್ಮ ಮನೆಯಲ್ಲಿ ನಿಷೇಧಿಸಿದ್ದೇವೆ.

ಸಾಗರದ ಮಗಳು

ಎಲ್ಲರಿಗೂ ಮನಸ್ಸು ತುಂಬಿ ವಂದನೆಗಳು. ಈ ವಾರ ಊರಿಗೆ ಹೋಗಿ, ಜಗಲಿಯಲ್ಲಿ ಅಪ್ಪನ ಎದುರು ಕುಳಿತು, ಹಾಲು, ಕಾಲು, ಸಾಲಿನ ವಿಷಯವನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ತಲೆ ಸರಿಯಾಗಿಯೇ ಇದೆ" ಎಂದರು. ಇಷ್ಟು ದಿನ ಅವರು ಹೆದರಿದ್ದು ಅದಕ್ಕೇ ಎಂದು ನನಗೆ ಹೊಳೆದೇ ಇರಲಿಲ್ಲ. ಮಷೀನು ಹಾಕಿದರೆ ತಮ್ಮದೇ ಮಾತು ಕೊಡದೊಳಗಿನಿಂದ ಬಂದಂತೆ ಕೇಳಿಸುತ್ತದೆ, ಚೆಂಡೆಯ ಸದ್ದು ಒಡೆದು ಬರುತ್ತದೆ ಎಂಬ ದೂರುಗಳೂ ಇವೆ. ಇವಕ್ಕೆ ಪರಿಹಾರವಿದೆಯೇ?

ಶ್ರವಣತಜ್ಞೆ, ಮೈಸೂರು

ಇದೆ. ಕಿವಿಯೊಳಗೆ ಕೂರುವ ತುದಿಯು ರಂಧ್ರವನ್ನು ಬಿಗಿಯಾಗಿ ಮುಚ್ಚಿದಾಗ ಕೊಡದೊಳಗಿನ ಧ್ವನಿ ಬರುತ್ತದೆ. ಅವರ ಶ್ರವಣಮಟ್ಟ ಅವಕಾಶ ಕೊಟ್ಟರೆ ಗಾಳಿಯಾಡುವ ತುದಿಯನ್ನು ಹಾಕಿಸಬಹುದು. ಇನ್ನು ಮಷೀನಿನ ಸಾಮಾನ್ಯ ಹೊಂದಾಣಿಕೆ ಮಾತಿಗಾಗಿ ಮಾಡಿದ್ದು, ಅದು ಚೆಂಡೆಯನ್ನು ಗದ್ದಲವೆಂದು ಬಗೆದು ಅದುಮುತ್ತದೆ. ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಸೇರಿಸಿಕೊಡಲು ಕೇಳಿ. ಹೊಂದಿಸಲು ಹೋಗುವ ದಿನ ಅವರ ಹಳೆಯ ಕೂಟವೊಂದರ ರೆಕಾರ್ಡಿಂಗನ್ನು ಜೊತೆಗೆ ಒಯ್ಯಿರಿ. ಭಾಗವತರ ಪದ ಮುಗಿದು ಅರ್ಥ ಶುರುವಾಗುವ ಭಾಗವನ್ನು ಅಲ್ಲಿಯೇ ಹಾಕಿಸಿ, ಅವರು ಸರಿಯಿದೆ ಎನ್ನುವವರೆಗೆ ಹೊಂದಿಸಲಿ.